ಗಾದಿ ಇದ್ದ ಕಾಲದ ಬೆಂಗಳೂರು ರಸ್ತೆ

ಮೊನ್ನೆ ಮನೆಯ ಮದುವೆಗೆ ಸೀರೆ ತರಲು ಬಳ್ಳಾರಿಯ ಬೆಂಗಳೂರು ರಸ್ತೆಗೆ ಹೋಗಿದ್ದೆವು. ಅಂಗಡಿಯ ಬಾಗಿಲಲ್ಲಿ ಅಕ್ಕ ಚಪ್ಪಲಿ ಕಳಚಿದಳು. ಕಾವಲುಗಾರ ನಕ್ಕು, ‘ಹಾಕಿಕೊಂಡೇ ಬನ್ನಿ ಅಮ್ಮಾ’ ಎಂದ. ಕನ್ನಡಿಯಂಥ ಆ ನೆಲವನ್ನು ತುಳಿಯಲು ಅವಳಿಗೆ ಮನಸ್ಸಾಗಲಿಲ್ಲ. ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡೇ ಒಳಗೆ ಬಂದಳು.

ನಮ್ಮ ಬಾಲ್ಯದಲ್ಲಿ ಬಟ್ಟೆ ಅಂಗಡಿ ಎಂದರೆ ಗಾದಿ. ಬಿಳಿ ಹೊದಿಕೆಯ ಹಾಸಿಗೆ, ಒರಗಲು ಲೋಡು, ಮೂಲೆಯಲ್ಲಿ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕ. ಸೇಠ್ ಕನ್ನಡದಲ್ಲಿ ಗಿರಾಕಿಯನ್ನು ಕರೆದು, ತೆಲುಗಿನಲ್ಲಿ ದರ ಹೇಳಿ, ಉರ್ದುವಿನಲ್ಲಿ ಕೆಲಸದ ಹುಡುಗನನ್ನು ಬೈದು, ಮಾರವಾಡಿಯಲ್ಲಿ ತಮ್ಮನ ಕಿವಿಗೆ ಕಡೆಯ ಬೆಲೆ ಉಸುರುತ್ತಿದ್ದ. ಸಿರುಗುಪ್ಪ, ಕುರುಗೋಡು ಕಡೆಯ ರೈತರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಬಂದು ಉದ್ದರಿ ತೀರಿಸುತ್ತಿದ್ದರು. ಅವರಿಗೆ ಚಹಾ ಬರುತ್ತಿತ್ತು.

ಆ ಕಾಲವೇ ಚೆನ್ನಾಗಿತ್ತು ಎಂದು ಇಷ್ಟಕ್ಕೇ ಬರಹ ನಿಲ್ಲಿಸಿದರೆ ನೂರು ಲೈಕು ಬೀಳುತ್ತವೆ. ಆದರೆ ಅಪ್ಪ ಹಮಾಲಿ ಮಾಡುತ್ತಿದ್ದರು. ಚಪ್ಪಲಿಯನ್ನು ನಾವೂ ಕಳಚುತ್ತಿದ್ದೆವು, ಗಾದಿಯನ್ನು ಮಾತ್ರ ಹತ್ತುತ್ತಿರಲಿಲ್ಲ. ಕಟ್ಟೆಯ ಅಂಚಿನಲ್ಲಿ ನಿಂತು, ಬಿಸಾಡಿದ ನಾಲ್ಕು ತುಂಡುಗಳಲ್ಲಿ ಒಂದನ್ನು ಆರಿಸಿ, ಹೇಳಿದಷ್ಟು ಕೊಟ್ಟು ಬರುತ್ತಿದ್ದೆವು. ಚೌಕಾಸಿ ಮಾಡಲೂ ಕೂರಲು ಜಾಗ ಬೇಕು. ಬಟ್ಟೆಗೆ ಬೆಲೆ ಚೀಟಿ ಅಂಟಿಸಿದ ಮೊದಲ ಅಂಗಡಿ ಬಂದಾಗ ಅಮ್ಮನಿಗೆ ಆದ ಸಮಾಧಾನವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಚೀಟಿ ಯಾರ ಮುಖವನ್ನೂ ನೋಡಿ ಬದಲಾಗುತ್ತಿರಲಿಲ್ಲ.

ಆಮೇಲೆ ಗಣಿಯ ದುಡ್ಡು ಬಂತು. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ದರವನ್ನೇ ಕೇಳದ ಗಿರಾಕಿಗಳು ಬಂದರು. ಗಾದಿಗಳು ಎದ್ದು ಗಾಜು, ಗ್ರಾನೈಟು, ಲಿಫ್ಟು ಬಂದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕಿತು. ದುಡ್ಡು ಇಳಿಯಿತು, ಗಾಜು ಉಳಿಯಿತು. 2014ರ ನವೆಂಬರ್ 1ರಂದು ಊರಿಗೂ ರಸ್ತೆಗೂ ಒಂದೇ ದಿನ ಇಂಗ್ಲಿಷ್ ಹೆಸರು ಬದಲಾಯಿತು. (ಕನ್ನಡದಲ್ಲಿ ಅವು ಎಂದೂ ಬಳ್ಳಾರಿ, ಬೆಂಗಳೂರೇ. ಬಣ್ಣ ಬಳಿಯುವವರಿಗೆ ಒಂದಿಷ್ಟು ಕೆಲಸ ಸಿಕ್ಕಿತು, ಅಷ್ಟೆ.) ನೋಟು ರದ್ದತಿ, ಜಿಎಸ್‌ಟಿ ಬಂದ ಮೇಲೆ ಆ ಕೆಂಪು ಪುಸ್ತಕವನ್ನೂ ನಾನು ಕಂಡಿಲ್ಲ.

ಈಗ ನಮಗೂ ಕುರ್ಚಿ ಹಾಕುತ್ತಾರೆ. ಮೊನ್ನೆ ಅಕ್ಕ ಎರಡು ಗಂಟೆ ಕೂತು ಸೀರೆ ನೋಡಿದಳು. ಅಷ್ಟೂ ಹೊತ್ತು ಎದುರಿಗಿದ್ದ ಹುಡುಗಿ ನಿಂತೇ ಇದ್ದಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ಮಡಿಕೆ ಬಿಚ್ಚುತ್ತಿದ್ದಳು. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಹಳೆಯ ಗಾದಿಯ ಮೇಲೆ ಮಾರುವವನಾದರೂ ಕೂರುತ್ತಿದ್ದ. ಗಾದಿ ಹೋದದ್ದಕ್ಕೆ ನನಗಿರುವ ದುಃಖ ಅದೊಂದೇ.

ಅಕ್ಕ ಪಕ್ಕದ ಕುರ್ಚಿಯನ್ನು ಎಳೆದು, ‘ಸ್ವಲ್ಪ ಕೂತುಕೊಳ್ಳಮ್ಮ’ ಎಂದಳು. ಹುಡುಗಿ ಮೇಲಿನ ಕ್ಯಾಮೆರಾದತ್ತ ಒಮ್ಮೆ ನೋಡಿ, ‘ಇನ್ನೊಂದು ಬಣ್ಣ ತೋರಿಸಲೇ ಆಂಟಿ?’ ಎಂದು ಕೇಳಿದಳು.