ಸಂಖ್ಯೆ ಗೊತ್ತು, ಆಡಿದವರು ಗೊತ್ತಿಲ್ಲ

ಇಂಗ್ಲಿಷ್ ಮಾತಾಡುವವರ ನಡುವೆ ಬದುಕುವ ಕನ್ನಡಿಗನಿಗೆ ಬೈಬಲ್ ತಪ್ಪಿಸಿಕೊಳ್ಳಲಾಗದ ಪುಸ್ತಕ. ಚರ್ಚಿಗೆ ಹೋಗದವರೂ ಅದರ ಮಾತನ್ನು ಬಳಸುತ್ತಾರೆ. ಮದುವೆಯಲ್ಲಿ, ಸಾವಿನಲ್ಲಿ, ಆಟದ ಮೈದಾನದಲ್ಲಿ, ಕಾಫಿ ಕಪ್ಪಿನ ಮೇಲೆ, ಎಲ್ಲ ಕಡೆ ಒಂದೊಂದು ವಾಕ್ಯ, ಪಕ್ಕದಲ್ಲಿ ಅದರ ಸಂಖ್ಯೆ. ನಾನು ಕ್ರೈಸ್ತನಲ್ಲ. ಆದರೂ ಆ ಸಂಖ್ಯೆ ಹಿಡಿದು ಮೂಲ ಪುಟ ತೆರೆದು ನೋಡುವ ಚಟ ಅಂಟಿಕೊಂಡಿದೆ. ನೋಡಿದಾಗಲೆಲ್ಲ ಅದೇ ಅನುಮಾನ: ಇದನ್ನು ಹಂಚುವವರು ಹಿಂದಿನ ಸಾಲು, ಮುಂದಿನ ಸಾಲು ಓದಿದ್ದಾರಾ?

ಯೆರೆಮೀಯ 29:11 ತೆಗೆದುಕೊಳ್ಳಿ, ಅಂದರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಾಕ್ಯ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಒಳ್ಳೆಯದರದು, ನಿಮಗೆ ಮುಂದಿನ ಭರವಸೆ ಕೊಡುವಂಥದ್ದು ಎಂದು ದೇವರು ಹೇಳುವ ಮಾತು. ಓದು ಮುಗಿಸಿದ ಮಕ್ಕಳಿಗೆ ಕೊಡುವ ಶುಭಾಶಯ ಕಾರ್ಡುಗಳಿಗೆ ಇದು ಬಹಳ ಇಷ್ಟದ ಸಾಲು. ಕೆಲಸ ಸಿಗುತ್ತೆ, ಎಲ್ಲ ಸರಿಹೋಗುತ್ತೆ ಅನ್ನುವ ಅರ್ಥದಲ್ಲಿ. ಆದರೆ ಇದು ಒಂದು ಕಾಗದದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ. ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಎಂದು ಹನನ್ಯ ಎಂಬ ಪ್ರವಾದಿ ಆಗಲೇ ಸಾರಿದ್ದ. ಜನರಿಗೂ ಬೇಕಾಗಿದ್ದದ್ದು ಅದೇ ಮಾತು. ಯೆರೆಮೀಯ ಕೊಟ್ಟ ಲೆಕ್ಕ ಎಪ್ಪತ್ತು ವರ್ಷ. ಅದು ಹತ್ತನೇ ವಾಕ್ಯದಲ್ಲಿದೆ. ಅಂದರೆ ಈ ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಮತ್ತೆ ಊರು ನೋಡುವ ಹಾಗಿರಲಿಲ್ಲ. ಹನ್ನೊಂದನೆಯದನ್ನು ಅಚ್ಚು ಹಾಕಿಸುವವರು ಹತ್ತನೆಯದನ್ನು ಯಾಕೆ ಬಿಡುತ್ತಾರೆ ಅಂತ ಬೇರೆ ಹೇಳಬೇಕಾ?

ನನಗೆ ಅದೇ ಕಾಗದದ ಮೇಲಿನ ಸಾಲುಗಳು ಜಾಸ್ತಿ ಇಷ್ಟ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣಕ್ಕೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ಹೊರನಾಡಿನಲ್ಲಿ ಇರುವವರಿಗೆ ಇದಕ್ಕಿಂತ ನೇರವಾದ ಬುದ್ಧಿಮಾತು ಇಲ್ಲ. ನಮ್ಮನ್ನು ಯಾರೂ ಸೆರೆ ಹಿಡಿದು ತರಲಿಲ್ಲ, ಸಂಬಳಕ್ಕೆ ನಾವೇ ಬಂದೆವು ಅನ್ನುವುದು ಬೇರೆ ಮಾತು.

ಒಂದು ಸಾಲನ್ನು ಹೀಗೆ ಕಿತ್ತುಕೊಂಡು ಬರುವುದು ಇಷ್ಟು ಸುಲಭವಾಗಿದ್ದು ಹೇಗೆ? ನನ್ನ ಪ್ರಕಾರ ಇದರಲ್ಲಿ ಆ ಸಂಖ್ಯೆಗಳ ಪಾಲು ದೊಡ್ಡದು. ಬರೆದವರು ಯಾರೂ ಅವನ್ನು ಹಾಕಿರಲಿಲ್ಲ. ಈಗಿರುವ ಅಧ್ಯಾಯಗಳನ್ನು 13ನೇ ಶತಮಾನದ ಆರಂಭದಲ್ಲಿ ಮಾಡಿದವನು ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲಿಷ್ ಪಾದ್ರಿ ಎನ್ನುತ್ತಾರೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ವಾಕ್ಯಗಳಿಗೆ ಈಗಿನ ಸಂಖ್ಯೆ ಕೊಟ್ಟವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. 1560ರ ಜಿನೀವಾ ಬೈಬಲ್ ಒಂದೊಂದು ವಾಕ್ಯವನ್ನೂ ಬೇರೆ ಬೇರೆ ಪ್ಯಾರಾ ಮಾಡಿ ಅಚ್ಚು ಮಾಡಿತು. 1611ರ ಕಿಂಗ್ ಜೇಮ್ಸ್ ಬೈಬಲ್ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿಗೆ ಕಥೆಯೂ ಕಾಗದವೂ ಹಾಡೂ ನೋಡುವುದಕ್ಕೆ ಒಂದೇ ತರಹದ ಗಾದೆಗಳ ಪಟ್ಟಿಯಾದವು. ಹೊಸ ಒಡಂಬಡಿಕೆಯಲ್ಲಿರುವ ಪೌಲನ ಕಾಗದಗಳನ್ನು ಹೀಗೆ ಕೊಚ್ಚಿ ಚೂರು ಮಾಡಿದ್ದರಿಂದ ಜನ ಅವನ್ನು ಬಿಡಿ ಸೂಕ್ತಿಗಳ ಹಾಗೆ ಓದುತ್ತಾರೆ ಎಂದು ತತ್ವಜ್ಞಾನಿ ಜಾನ್ ಲಾಕ್ ಗೊಣಗಿದ್ದ. ಅವನ ಆ ಬರಹ 1707ರಲ್ಲಿ ಅಚ್ಚಾಯಿತು. ಗೊಣಗಾಟ ಇವತ್ತಿಗೂ ಹಳೆಯದಾಗಿಲ್ಲ.

ನಮ್ಮ ರೀತಿ ಬೇರೆ. ಕನ್ನಡದಲ್ಲಿ ವಚನಕ್ಕೆ ಸಂಖ್ಯೆ ಹೇಳಿ ಯಾರೂ ಮಾತಾಡುವುದಿಲ್ಲ. ಬಸವಣ್ಣ ಹೇಳಿದ ಹಾಗೆ, ದಾಸರು ಹೇಳಿದ ಹಾಗೆ ಎಂದು ಶುರು ಮಾಡುತ್ತೇವೆ. ಕೊನೆಯಲ್ಲಿ ಅಂಕಿತ ಇರುವುದರಿಂದ ಯಾರ ಮಾತು ಎಂದು ಗೊತ್ತಾಗುತ್ತದೆ, ಎಲ್ಲಿಗೆ ಮುಗಿಯಿತು ಅಂತಲೂ ಗೊತ್ತಾಗುತ್ತದೆ. ಆದರೆ ಇದೂ ಪೂರ್ತಿ ಕಾಪಾಡಲಿಲ್ಲ. 'ಕಾಯಕವೇ ಕೈಲಾಸ' ಯಾರದು ಅಂದರೆ ಥಟ್ಟನೆ ಬಸವಣ್ಣನವರದು ಅನ್ನುತ್ತೇವೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ಅಮರೇಶ್ವರಲಿಂಗ ಎಂಬ ಅಂಕಿತದೊಂದಿಗೆ. ಕಾಯಕದಲ್ಲಿ ಮುಳುಗಿದ್ದಾಗ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗಿದ್ದರೂ ಹಂಗು ಹರಿಯಬೇಕು ಎನ್ನುವ ಖಡಕ್ ವಚನ ಅದು. ಗೋಡೆಗೆ ತೂಗುಹಾಕುವಾಗ ಎರಡೇ ಪದ ಉಳಿದು, ಸುಮ್ನೆ ತಲೆ ತಗ್ಗಿಸಿ ದುಡಿ ಎಂಬ ಆಫೀಸಿನ ಉಪದೇಶ ಆಗಿಬಿಟ್ಟಿದೆ.

ಹಾಗಾಗಿ ನಾವು ಮೇಲು ಎಂದು ನಾನು ಹೇಳಲಾರೆ. ಆಡಿದವರ ಹೆಸರು ಕೇಳುವ ಅಭ್ಯಾಸ ಮಾತ್ರ ನಮ್ಮದೇ ಒಳ್ಳೆಯದು. ಬೈಬಲ್ ಓದುವಾಗ ಅದು ತುಂಬಾ ಕೆಲಸಕ್ಕೆ ಬರುತ್ತದೆ. ಇಂಗ್ಲಿಷಿನವರಿಗೆ ಮನೆ ನಂಬರು ಬಾಯಿಪಾಠ, ಒಳಗೆ ಯಾರಿದ್ದಾರೆ ಅಂತ ಮಾತ್ರ ಬಾಗಿಲು ತಟ್ಟಿ ನೋಡುವುದಿಲ್ಲ.

ಯೋಬ 8:7 ನೋಡಿ. ನಿನ್ನ ಮೊದಲು ಸಣ್ಣದಾಗಿದ್ದರೂ ಕೊನೆ ಬಹಳ ದೊಡ್ಡದಾಗುತ್ತದೆ. ಹೊಸ ಅಂಗಡಿಯ ಗೋಡೆಗೆ ಹೇಳಿ ಮಾಡಿಸಿದ ಮಾತು! ಆಡಿದವನು ಯೋಬನ ಗೆಳೆಯ ಬಿಲ್ದದ. ಏಳು ಗಂಡು, ಮೂರು ಹೆಣ್ಣು, ಹತ್ತು ಮಕ್ಕಳನ್ನು ಕಳೆದುಕೊಂಡು ಕೂತ ಯೋಬನಿಗೆ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಹಾಗಾಯಿತು ಎಂಬ ಅರ್ಥದ ಮಾತನ್ನು ಮೂರು ಸಾಲು ಮೇಲಷ್ಟೇ ಆಡಿದ್ದವನು. ಪುಸ್ತಕದ ಕೊನೆಯಲ್ಲಿ, ಯೋಬನ ಈ ಗೆಳೆಯರು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ ಎಂದು ದೇವರೇ ಸಿಟ್ಟಾಗುತ್ತಾನೆ. ಅಷ್ಟಾದ ಮೇಲೂ ಆ ಸಾಲು ಗೋಡೆಯ ಮೇಲೆ ದೇವರ ಆಶೀರ್ವಾದವಾಗಿ ಕೂತಿದೆ.

ಇದಕ್ಕಿಂತ ತಮಾಷೆಯದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 31:49. ನಾವು ಒಬ್ಬರಿಗೊಬ್ಬರು ಮರೆಯಾಗಿರುವಾಗ ಯೆಹೋವನು ನಮ್ಮಿಬ್ಬರ ನಡುವೆ ಕಾವಲಿರಲಿ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಪ್ರೇಮಿಗಳು ಈ ವಾಕ್ಯದ 'ಮಿಚ್ಪಾ' ಎಂಬ ಹೆಸರು ಕೆತ್ತಿಸಿದ ಒಡವೆ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಮೂಲದಲ್ಲಿ ಇದನ್ನು ಹೇಳುವವನು ಲಾಬಾನ, ಹೇಳುವುದು ಅಳಿಯ ಯಾಕೋಬನಿಗೆ. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಮೋಸ ಮಾಡಿಕೊಂಡ ಮಾವ ಅಳಿಯ ಕಲ್ಲು ಗುಡ್ಡೆ ಹಾಕಿ, ಕೇಡು ಮಾಡಲು ನೀನು ಈಚೆ ಬರಬೇಡ, ನಾನು ಆಚೆ ಬರುವುದಿಲ್ಲ ಎಂದು ಗಡಿ ಹಾಕಿಕೊಳ್ಳುತ್ತಿದ್ದಾರೆ. ಅಂದರೆ ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ, ದೇವರು ನೋಡಿಕೊಳ್ಳಲಿ ಎಂದು. ಇಂಥ ಮಾತನ್ನು ಪ್ರೀತಿಯ ಗುರುತಾಗಿ ಎದೆಯ ಮೇಲೆ ಹಾಕಿಕೊಳ್ಳುವುದಾ?

ಎಲ್ಲ ಬಳಕೆಯೂ ತಪ್ಪು ಅನ್ನುವಷ್ಟು ಬಿಗಿ ನಾನಲ್ಲ. ನೀನು ಹೋದಲ್ಲಿಗೇ ನಾನೂ ಬರುತ್ತೇನೆ, ನಿನ್ನ ಜನವೇ ನನ್ನ ಜನ ಎಂದು ಮದುವೆಗಳಲ್ಲಿ ಓದುತ್ತಾರಲ್ಲ, ಅದು ಗಂಡ ಸತ್ತ ರೂತಳು ಅತ್ತೆ ನೊವೊಮಿಗೆ ಹೇಳಿದ್ದು. ಮದುಮಕ್ಕಳು ಓದಿಕೊಳ್ಳಲಿ, ಯಾರಿಗೂ ನಷ್ಟವಿಲ್ಲ. ಆದರೆ ಅದು ಸೊಸೆ ಅತ್ತೆಗೆ ಆಡಿದ ಮಾತು ಅಂತ ತಿಳಿದರೆ ಅದರ ತೂಕ ಹೆಚ್ಚುತ್ತದೆ, ಅಲ್ವಾ?

ಪದಗಳೇ ಉದುರಿಹೋದ ತಪ್ಪುಗಳ ಬಗ್ಗೆ ನನಗೆ ಅಷ್ಟು ಬೇಜಾರಿಲ್ಲ. ಎಲ್ಲ ಕೆಟ್ಟದ್ದಕ್ಕೂ ಹಣವೇ ಮೂಲ ಎನ್ನುತ್ತಾರೆ, ತಿಮೊಥೆಯನ ಮೊದಲ ಪತ್ರ ಹೇಳುವುದು ಹಣದಾಸೆ. ಸಿಂಹ ಕುರಿಮರಿ ಜೊತೆಗೆ ಮಲಗುತ್ತದೆ ಎನ್ನುತ್ತಾರೆ, ಯೆಶಾಯನಲ್ಲಿ ಕುರಿಮರಿ ಜೊತೆಗಿರುವುದು ತೋಳ. ಯೇಸು ಹುಟ್ಟಿದಾಗ ನೋಡಲು ಬಂದ ಮೂಡಣ ದೇಶದ ಜೋಯಿಸರು ಮೂವರು ಎಂದು ಯೇಸುವಿನ ಕಥೆ ಹೇಳುವ ಮತ್ತಾಯ ಎಲ್ಲೂ ಎಣಿಸಿಲ್ಲ, ಕಾಣಿಕೆಗಳು ಮೂರು ಅಷ್ಟೇ. ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ ಅನ್ನುವುದಂತೂ ಬೈಬಲಿನಲ್ಲೇ ಇಲ್ಲ. ಇಂಥವನ್ನು ಪುಟ ತೆರೆದರೆ ಸಾಕು, ತಿದ್ದಬಹುದು.

ಒಂದಕ್ಷರವೂ ತಪ್ಪದೆ ಉದ್ಧರಿಸಿದ ಮಾತನ್ನು ಹಿಡಿಯುವುದೇ ಕಷ್ಟ. ಇದು ಬೈಬಲಿಗೇ ಗೊತ್ತಿರುವ ಸಂಗತಿ. ಮತ್ತಾಯನ ನಾಲ್ಕನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಹತ್ತಿಸಿ, ಕೆಳಗೆ ಧುಮುಕು, ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎನ್ನುತ್ತಾನೆ. ಹೌದು, 91ನೇ ಕೀರ್ತನೆಯಲ್ಲಿ ಬರೆದಿದೆ. ನಂಬಿದವನಿಗೆ ಧೈರ್ಯ ಹೇಳುವ ಹಾಡನ್ನು ದೇವರನ್ನು ಪರೀಕ್ಷೆ ಮಾಡುವ ಪಂದ್ಯಕ್ಕೆ ಬಳಸಿದ್ದೇ ಅಲ್ಲಿ ತಪ್ಪು. ಯೇಸು ಕೀರ್ತನೆಯನ್ನು ಅಲ್ಲಗಳೆಯುವುದಿಲ್ಲ. ನಿನ್ನ ದೇವರನ್ನು ಪರೀಕ್ಷಿಸಬಾರದು ಎಂಬ ಇನ್ನೊಂದು ವಾಕ್ಯವನ್ನು ಅದರ ಪಕ್ಕದಲ್ಲಿಡುತ್ತಾನೆ.

ಸಂಖ್ಯೆಗಳನ್ನು ತೆಗೆದು ಸುಮ್ಮನೆ ಓದಿಕೊಂಡು ಹೋಗುವ ಹಾಗೆ ಅಚ್ಚು ಮಾಡಿದ ಬೈಬಲ್‌ಗಳು ಈಗ ಇಂಗ್ಲಿಷಿನಲ್ಲಿ ಸಿಗುತ್ತವೆ. ನಾಲ್ಕು ಜನ ಕೂತು ಒಂದೇ ಸಾಲು ಹುಡುಕಬೇಕಾದಾಗ ಅವುಗಳಿಂದ ಏನೂ ಪ್ರಯೋಜನವಿಲ್ಲ. ಒಬ್ಬರೇ ಓದುವುದಕ್ಕೆ ಮಾತ್ರ ಬಹಳ ಚೆನ್ನ. ಕನ್ನಡ ಸತ್ಯವೇದವೂ ಹೀಗೆ ಬಂದರೆ ನಾನಂತೂ ಕೊಳ್ಳುತ್ತೇನೆ. ಅದರಲ್ಲೂ ಯೋಬನ ಪುಸ್ತಕವನ್ನು ನಾಟಕದ ಹಾಗೆ ಅಚ್ಚು ಮಾಡಿ, ಮಾತಾಡುವವರ ಹೆಸರನ್ನು ಪಕ್ಕದಲ್ಲಿ ದಪ್ಪಕ್ಷರದಲ್ಲಿ ಹಾಕಲಿ. ಬಿಲ್ದದನ ಹೆಸರು ಕಂಡರೆ, ಆ ಸಾಲಿಗೆ ಚೌಕಟ್ಟು ಹಾಕಿಸುವ ಮುಂಚೆ ಯಾರಾದರೂ ಅವನು ಇನ್ನೇನು ಹೇಳಿದ್ದಾನೆ ಎಂದು ನೋಡಿಯಾರು.