ಪೇಟೆ ಬಿಟ್ಟು ಹಳೇ ಬೆಂಗಳೂರು ತೋರಿಸ್ತಾರಂತೆ!

ಈಗಷ್ಟೇ ಒಂದು ವಿಡಿಯೊ ನೋಡಿದೆ. ‘ಒಂದೇ ದಿನದಲ್ಲಿ ಹಳೇ ಬೆಂಗಳೂರು’ ಅಂತೆ. ಎಂ.ಜಿ. ರೋಡ್ ಬಂತು, ಮಲ್ಲೇಶ್ವರ ಬಂತು, ಬಸವನಗುಡಿ ಬಂತು. ಚಿಕ್ಕಪೇಟೆ, ಬಳೇಪೇಟೆ ಎಲ್ಲ ಸೇರಿದ ನಮ್ಮ ಪೇಟೆ ಬಂದದ್ದು ಕಟ್ಟಕಡೆಗೆ, ಅದೂ ‘ಇಲ್ಲಿ ಸೀರೆ ಅಗ್ಗ’ ಅಂತ ಹೇಳೋಕೆ. ಬಳೇಪೇಟೆಯಲ್ಲಿ ಹುಟ್ಟಿದವನ ಹೊಟ್ಟೆಉರಿ ನಿಮಗೆ ಹೊಸದೇನಲ್ಲ, ಸಹಿಸಿಕೊಳ್ಳಿ.

ಅಲ್ಲ ಸ್ವಾಮಿ, ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ. ಎಂ.ಜಿ. ರೋಡ್ ಇರುವ ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟ್, ಬಂದದ್ದು 1809ರಲ್ಲಿ. 1898ರಲ್ಲಿ ಪ್ಲೇಗ್ ಬಂದು, ಇಕ್ಕಟ್ಟಿನ ಪೇಟೆಯಿಂದ ಜನ ಗಾಳಿ ಬೆಳಕು ಹುಡುಕಿಕೊಂಡು ಹೊರಟ ಮೇಲೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿದ್ದು. ಮೊಮ್ಮಕ್ಕಳನ್ನು ಮುಂದೆ ನಿಲ್ಲಿಸಿ ‘ಇವರೇ ಮನೆಯ ಹಿರಿಯರು’ ಅಂದ ಹಾಗಾಯಿತು ಇದು.

ನೋಡೋಕೆ ಏನಿದೆ ಅಂತೀರಾ? ಬಳೇಪೇಟೆಯ ವಾದ್ಯದ ಅಂಗಡಿ ಮುಂದೆ ಸುಮ್ನೆ ನಿಲ್ಲಿ. ಮೃದಂಗದ ಅಂಚಿಗೆ ಮೆಲ್ಲಗೆ ಒಂದು ಏಟು, ಬೆರಳಲ್ಲಿ ನುಡಿಸಿ ಕಿವಿಗೊಡೋದು, ಮತ್ತೊಂದು ಏಟು. ಶ್ರುತಿ ಸೇರುವ ತನಕ ಇದೇ. ಹೊರಗೆ ಆಟೊದವರು ಎಷ್ಟೇ ಹಾರ್ನ್ ಹೊಡೆದರೂ ಆ ಕಿವಿಗೆ ಅದು ಬೀಳೋದೇ ಇಲ್ಲ! ಹಳೇ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕೆ ನಾವೆಲ್ಲ ಅಲೆದದ್ದು ಅಲ್ಲೇ. ಊರಿನ ಬೀದಿಗೆ ಮೊದಲು ಕರೆಂಟ್ ದೀಪ ಬಂದದ್ದೂ ಕೆ.ಆರ್. ಮಾರ್ಕೆಟ್ ಹತ್ತಿರ, 1905ರಲ್ಲಿ, ಶಿವನಸಮುದ್ರದ ಜಲವಿದ್ಯುತ್ತಿನಿಂದ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಇದು ವಿಡಿಯೊಗೆ ಸಾಲದಾಯಿತೇ?

‘ರಷ್ ಜಾಸ್ತಿ, ಗಲೀಜು, ಪಾರ್ಕಿಂಗ್ ಇಲ್ಲ’ ಅಂತಾರೆ. ಒಪ್ಪಿದೆ, ಇಲ್ಲ. ಎತ್ತಿನ ಗಾಡಿ ಕಾಲದ ಬೀದಿಗೆ ನಿಮ್ಮ ದೊಡ್ಡ ಕಾರು ತಂದರೆ ಪೇಟೆ ಏನು ಮಾಡಬೇಕು? 2017ರಿಂದ ಚಿಕ್ಕಪೇಟೆಗೆ ಮೆಟ್ರೊ ಇದೆಯಲ್ಲ! ಚರ್ಚ್ ಸ್ಟ್ರೀಟಿನ ರಷ್ ಮಾತ್ರ ‘ವೈಬ್’, ನಮ್ಮದು ತಲೆನೋವು, ಅಲ್ವಾ?

ನಿಜ ಹೇಳ್ತೀನಿ, ನಾವಿದ್ದ ಮನೆ ಈಗ ಯಾರದೋ ಗೋಡೌನ್. ಅಜ್ಜಿ ಹಪ್ಪಳ ಒಣಗಿಸುತ್ತಿದ್ದ ಮಾಳಿಗೆ ಮೇಲೆ ರಟ್ಟಿನ ಪೆಟ್ಟಿಗೆಗಳ ರಾಶಿ. ಅದಕ್ಕೇ ಸಿಟ್ಟು ಒಂದು ತೂಕ ಹೆಚ್ಚೇ ಇರಬಹುದು.

ಬರೋದಾದರೆ ವಾರದ ದಿನ ಬನ್ನಿ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ. ಮೂಟೆ ಹೊತ್ತವರು ‘ಸೈಡ್, ಸೈಡ್’ ಅಂತ ಕೂಗಿದರೆ ಬೇಜಾರು ಮಾಡಿಕೊಳ್ಳದೆ ದಾರಿ ಬಿಡಿ. ಅವರು ಕೆಲಸಕ್ಕೆ ಬಂದಿದ್ದಾರೆ, ನೀವು ಸುತ್ತೋಕೆ.