ಪ್ರದಕ್ಷಿಣೆ ಹೊರಟ ತಟ್ಟೆ

ಊಟಕ್ಕೆ ಕೂತ ಮೇಲೆ ನಮ್ಮ ತಟ್ಟೆ ನಮ್ಮ ಮುಂದೆಯೇ ಇರಬೇಕು. ಇದನ್ನೂ ಬಾಯಿಬಿಟ್ಟು ಹೇಳಬೇಕಾ ಅಂತ ನೀವು ಕೇಳಬಹುದು. ಮೊನ್ನೆ ಶನಿವಾರದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಇಲ್ಲಿ ಸಿಂಗಪುರದಲ್ಲಿ ನಮ್ಮ ಆಫೀಸಿನ ಹುಡುಗಿಯೊಬ್ಬಳ ಮದುವೆ. ಊಟ ಒಂದು ದೊಡ್ಡ ಚೀನೀ ರೆಸ್ಟೋರೆಂಟಿನಲ್ಲಿ. ನಾನು ಸಸ್ಯಾಹಾರಿ. ನಮ್ಮೆಜಮಾನ್ರು ಊರಲ್ಲಿ ಸಸ್ಯಾಹಾರಿ, ಚಾಂಗಿ ಏರ್‌ಪೋರ್ಟ್ ದಾಟಿದ ಮೇಲೆ ಸರ್ವಾಹಾರಿ. ಅತ್ತೆಯವರಿಗೆ ಗೊತ್ತಿಲ್ಲ. ಅವರು ಇದನ್ನು ಓದುವುದಿಲ್ಲ ಅಂತ ನಂಬಿದ್ದೇನೆ.

ಹೊರಡುವ ಮುಂಚೆಯೇ ಮನೆಯಲ್ಲಿ ಒಂದು ಸುತ್ತು ಜಗಳವಾಯಿತು. ಮುಯ್ಯಿ ವಿಷಯಕ್ಕೆ. ಇಲ್ಲಿ ಮದುವೆಗೆ ಕೆಂಪು ಲಕೋಟೆಯಲ್ಲಿ ದುಡ್ಡು ಹಾಕಿ ಕೊಡುತ್ತಾರೆ, ಆಂಗ್ ಪಾವ್ ಅಂತ. ಎಷ್ಟು ಹಾಕಬೇಕು ಅನ್ನೋದಕ್ಕೆ ಇಂಟರ್ನೆಟ್ಟಿನಲ್ಲಿ ಪಟ್ಟಿಯೇ ಇದೆ: ಯಾವ ಹೋಟೆಲು, ಮಧ್ಯಾಹ್ನವೋ ರಾತ್ರಿಯೋ, ವಾರದ ದಿನವೋ ಶನಿವಾರವೋ. ನಮ್ಮ ಹಾಗೆ ಹಳೇ ನೋಟ್‌ಬುಕ್ ಹುಡುಕಿ ‘ಅವರು ನಮಗೆಷ್ಟು ಹಾಕಿದ್ರು’ ಅಂತ ನೋಡುವ ಕಷ್ಟವೇ ಇಲ್ಲ. ನಮ್ಮೆಜಮಾನ್ರು ಪಟ್ಟಿ ನೋಡಿ ನೋಟು ಎಣಿಸಿ ಹಾಕಿದರು. ಆಮೇಲೆ ಜೇಬು ತಡಕಿ ಒಂದು ಡಾಲರ್ ನಾಣ್ಯ ತೆಗೆದು ಅದನ್ನೂ ಲಕೋಟೆಗೆ ತುರುಕತೊಡಗಿದರು.

“ಏನ್ರೀ ಇದು?”

“ಮೇಲೊಂದು ಇಡದೆ ಯಾರಾದ್ರೂ ಕೊಡ್ತಾರೇನೇ?”

ಚೀನೀಯರ ಮದುವೆಗೆ ಸಮಸಂಖ್ಯೆ ಶುಭ. ಶುಭವೆಲ್ಲ ಜೋಡಿಯಾಗಿ ಬರಬೇಕಂತೆ. ಬೆಸಸಂಖ್ಯೆಯಲ್ಲಿ ದುಡ್ಡು ಕೊಡುವುದು ಸಾವಿನ ಮನೆಗೆ. ಇದನ್ನು ಹೇಳಿ ನಾಣ್ಯ ಕಿತ್ತುಕೊಳ್ಳುವಷ್ಟರಲ್ಲಿ ಸಾಕಾಯಿತು. ಬರಿಯ ಸೊನ್ನೆಯಲ್ಲಿ ಮುಗಿಯುವ ಮುಯ್ಯಿ ಕೊಟ್ಟರೆ ಹುಡುಗಿಗೆ ಒಳ್ಳೆಯದಾಗುತ್ತಾ ಅಂತ ಅವರು ಟ್ಯಾಕ್ಸಿಯಲ್ಲೂ ಗೊಣಗುತ್ತಿದ್ದರು.

ಆಹ್ವಾನ ಪತ್ರಿಕೆಯಲ್ಲಿ ಏಳು ಗಂಟೆ ಅಂತಿತ್ತು. ಎಂಟಾದರೂ ಮೇಜಿನ ಮೇಲೆ ನೆಲಗಡಲೆ ಬಿಟ್ಟರೆ ಏನಿಲ್ಲ. ಆಫೀಸಿನವರ ಟೇಬಲ್ ತುಂಬಿತ್ತು ಅಂತ ನಮ್ಮಿಬ್ಬರನ್ನು ನೆಂಟರ ಟೇಬಲ್ಲಿಗೆ ಹಾಕಿದ್ದರು. ದುಂಡು ಮೇಜು, ಹತ್ತು ಜನ, ನಡುವೆ ತಿರುಗುವ ಗಾಜಿನ ದೊಡ್ಡ ಚಕ್ರ. ಥಟ್ಟನೆ ದೀಪ ಆರಿತು. ಜೋರು ಸಂಗೀತ. ಬಾಗಿಲು ತೆರೆದು ಸರ್ವರ್‌ಗಳೆಲ್ಲ ಸಾಲಾಗಿ, ಕೈ ಮೇಲೆತ್ತಿ, ತಟ್ಟೆಗಳನ್ನು ಹೊತ್ತು ಹೆಜ್ಜೆ ಹಾಕುತ್ತಾ ಬಂದರು. ಮದುಮಕ್ಕಳಿಗೆ ಮೆರವಣಿಗೆ ಸರಿ, ಹುರಿದ ಹಂದಿಮರಿಗೂ ಮೆರವಣಿಗೆ!

ನನ್ನ ಪಾಲು ಬೇರೆ ಬಂತು. “ವೆಜಿಟೇರಿಯನ್?” ಅಂತ ಸರ್ವರ್ ಹುಡುಗಿ ಕೂಗಿದಳು. ಉಳಿದ ಒಂಬತ್ತು ಜನ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ಒಂಬತ್ತರಲ್ಲಿ ನಮ್ಮವರದೂ ಒಂದು ಬೆರಳು.

ಇಲ್ಲಿಂದ ಶುರು ನನ್ನ ಕಷ್ಟ. ಗಾಜಿಗೂ ಮೇಜಿನ ಅಂಚಿಗೂ ನಡುವೆ ಇರೋದು ಒಂದು ಗೇಣು ಜಾಗ. ಅದರಲ್ಲೇ ಸಣ್ಣ ತಟ್ಟೆ, ಬಟ್ಟಲು, ಸಾಸಿನ ಚಿಕ್ಕ ಬಟ್ಟಲು, ಚಹಾದ ಕಪ್ಪು, ಗ್ಲಾಸು, ಚಾಪ್‌ಸ್ಟಿಕ್. ಇನ್ನೊಂದು ತಟ್ಟೆಗೆ ಜಾಗವೆಲ್ಲಿ? ಹುಡುಗಿ ನೋಡಿದಳು, ನನ್ನ ತಟ್ಟೆಯನ್ನು ಗಾಜಿನ ಅಂಚಿನ ಮೇಲಿಟ್ಟು ಹೊರಟುಹೋದಳು. ಅಣಬೆ, ಬ್ರೊಕೋಲಿ, ಸೋಯಾದಲ್ಲಿ ಮಾಡಿದ ಬಾತುಕೋಳಿ. ಇಲ್ಲಿನ ಬೌದ್ಧರ ಸಸ್ಯಾಹಾರಕ್ಕೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ನಮ್ಮ ಮಡಿ ಅಡುಗೆಯವರೂ ಒಪ್ಪಬೇಕು. ಆದರೆ ಹುಟ್ಟಿದಾಗಿನಿಂದ ಬಾತುಕೋಳಿ ಮುಟ್ಟದವಳಿಗೆ ಅದರದ್ದೇ ರೂಪ, ಅದರದ್ದೇ ಚರ್ಮ ಮಾಡಿ ಯಾಕೆ ಕೊಡುತ್ತಾರೋ! ಇರಲಿ, ಹಸಿವಾಗಿತ್ತು. ಚಾಪ್‌ಸ್ಟಿಕ್ ಎತ್ತಿದೆ. ತಟ್ಟೆ ಹೊರಟಿತು.

ತಿರುಗಿಸಿದ್ದು ಎದುರಿಗೆ ಕೂತಿದ್ದ ಅಂಕಲ್. ಮದುಮಗಳ ದೊಡ್ಡಪ್ಪನೋ ಮಾವನೋ ಇರಬೇಕು. ಇಂಥ ಸಜ್ಜನರನ್ನು ನಾನು ಈಚೆಗೆ ನೋಡಿಲ್ಲ, ಅದೇ ತೊಂದರೆ. ತಾವು ಒಂದು ತುತ್ತು ತಿಂದರೆ ಹೆಚ್ಚು. ಎಡಗೈಯ ಎರಡು ಬೆರಳು ಮಾತ್ರ ಸದಾ ಗಾಜಿನ ಮೇಲೆ. ಒಬ್ಬರಿಗೆ ಚಿಲ್ಲಿ ಸಾಸ್ ಬೇಕು ಅನ್ನಿಸಿದರೆ ಅರ್ಧ ಸುತ್ತು. ಇನ್ನೊಬ್ಬರು ಕೋಳಿ ಕಡೆ ಕಣ್ಣು ಹಾಯಿಸಿದರೆ ಕಾಲು ಸುತ್ತು. ನಮ್ಮವರು ಸುಮ್ನೆ ತಲೆ ಎತ್ತಿ ಹೂಕುಂಡ ನೋಡಿದರು, ಆ ದಿಕ್ಕಿನಲ್ಲಿದ್ದ ಸೀಗಡಿ ಬಂದು ಮುಂದೆ ನಿಂತಿತು. ಆ ಎರಡು ಬೆರಳು ಗಾಜು ಬಿಡುತ್ತಿದ್ದದ್ದು ಯಾರಾದರೂ ಅವರಿಗೆ ಚಹಾ ಹಾಕಿದಾಗ ಮಾತ್ರ. ಆಗ ಅದೇ ಬೆರಳುಗಳಿಂದ ಮೇಜನ್ನು ಟಕ್ ಟಕ್ ಅಂತ ತಟ್ಟುತ್ತಿದ್ದರು. ಅದು ಥ್ಯಾಂಕ್ಸ್ ಹೇಳುವ ರೀತಿ. ನಮ್ಮವರಿಗೆ ಇದು ತಿಳಿಯದೆ, ಇನ್ನೂ ಬೇಕೇನೋ ಅಂತ ಮತ್ತೆ ಮತ್ತೆ ಸುರಿದರು. ಅವರು ತಟ್ಟಿದರು, ಇವರು ಸುರಿದರು. ಕಪ್ಪು ತುಂಬಿ ಟೇಬಲ್ ಕ್ಲಾತ್ ಒದ್ದೆ.

ಅಷ್ಟರಲ್ಲಿ ನನ್ನ ತಟ್ಟೆ ಮನೆ ಮನೆ ತಿರುಗುತ್ತಿತ್ತು. ಪ್ರತಿ ನಿಲ್ದಾಣದಲ್ಲೂ “ಓ! ವೆಜಿಟೇರಿಯನ್! ವೆರಿ ಹೆಲ್ದಿ!” ಅಂತ ಒಬ್ಬೊಬ್ಬರು ಒಂದೊಂದು ತುಂಡು ಎತ್ತಿಕೊಂಡರು. ಮಾಂಸಾಹಾರಿಗಳಿಗೆ ತರಕಾರಿ ಮೇಲೆ ಪ್ರೀತಿ ಉಕ್ಕುವುದು ಅದು ಬೇರೆಯವರ ಪಾಲಿನದಾಗಿದ್ದಾಗ ಮಾತ್ರ. ನಮ್ಮೂರಿನ ಬಫೆಯಲ್ಲಿ ಪನೀರ್ ಮೊದಲು ಖಾಲಿಯಾಗುವುದೂ ಹೀಗೇ ಅಲ್ವಾ? ನನ್ನ ಹತ್ತಿರ ವಾಪಸ್ ಬಂದಾಗ ಉಳಿದದ್ದು ಬ್ರೊಕೋಲಿಯ ದಂಟು, ಜೊತೆಗೆ ಬಾತುಕೋಳಿಯ ಒಂದು ಚೂರು. ಆ ಚೂರನ್ನು “ಟೇಸ್ಟ್ ನೋಡ್ತೀನಿ ತಾಳು” ಅಂತ ನಮ್ಮವರೇ ತೆಗೆದುಕೊಂಡರು.

ಮುಂದಿನ ಸಲ ನನಗೆ ತೋಫುವಿನ ತಟ್ಟೆ ಬಂದಾಗ ಹುಷಾರಾಗಿದ್ದೆ. ಆದರೆ ಅದೇ ಹೊತ್ತಿಗೆ ಮೀನು ಬಂತು. ಇಡೀ ಮೀನು, ಹಬೆಯಲ್ಲಿ ಬೇಯಿಸಿದ್ದು, ಮೇಲೆ ಶುಂಠಿಯ ಎಳೆ, ಈರುಳ್ಳಿ ಸೊಪ್ಪು, ತೆರೆದ ಬಿಳಿ ಕಣ್ಣು. ಮೀನಿನ ತಲೆ ಮುಖ್ಯ ಅತಿಥಿಯ ಕಡೆ ಇರಬೇಕು ಅನ್ನೋದು ಅವರ ಮರ್ಯಾದೆ. ದೂರದ ಊರಿನ ಹೆಣ್ಣುಮಗಳು ಅಂತ ಅಂಕಲ್ ಆ ಮರ್ಯಾದೆಯನ್ನು ನನಗೆ ಮಾಡಿದರು. ಗಾಜು ತಿರುಗಿತು, ತಲೆ ನನ್ನೆದುರು ಬಂದು ನಿಂತಿತು. ಮೀನು ನನ್ನನ್ನು ನೋಡಿತು, ನಾನು ಮೀನನ್ನು ನೋಡಿದೆ. ನನ್ನ ತಟ್ಟೆ ಎಲ್ಲಿ ಅಂದರೆ, ಚಕ್ರದ ಸರಿಯಾಗಿ ಆ ತುದಿಯಲ್ಲಿ, ಮುತ್ತಿನ ಸರದ ಆಂಟಿಯ ಮುಂದೆ. ತಟ್ಟೆ ನನ್ನ ಕಡೆ ಬರಬೇಕಾದರೆ ಮೀನಿನ ಮುಖ ಆ ಕಡೆ ಹೋಗಬೇಕು. ನಾನು ಯಾರಿಗೂ ಕಾಣದ ಹಾಗೆ ಬೆರಳಲ್ಲಿ ಗಾಜನ್ನು ಒಂಚೂರು ತಳ್ಳಿದೆ. ಅಂಕಲ್ ನಗುತ್ತಾ ವಾಪಸ್ ತಿರುಗಿಸಿದರು. ಇನ್ನೊಂಚೂರು ತಳ್ಳಿದೆ. “ನೋ, ನೋ, ಯು ಗೆಸ್ಟ್!” ಮತ್ತೆ ಮೀನು. ನನಗೆ ಸಂಕೋಚ ಅಂದುಕೊಂಡರು ಪಾಪ. ಆಂಟಿ ನನ್ನ ತೋಫು ಮುಗಿಸುತ್ತಿರುವುದನ್ನು ನಾನು ಮೀನಿನ ತಲೆಯ ಮೇಲಿಂದ ನೋಡುತ್ತಾ ಕೂತೆ.

ಈ ಮರ್ಯಾದೆ ಕೊನೆಗೊಂಡಿದ್ದು ನಮ್ಮವರಿಂದ. ಮೀನಿನ ಮೇಲ್ಭಾಗ ಖಾಲಿಯಾಗಿದೆ ಅಂತ ಅವರು ಚಮಚ ಹಾಕಿ ಅದನ್ನು ಮಗುಚಲು ಹೋದರು. ಇಡೀ ಟೇಬಲ್ ಹೌಹಾರಿತು. ಮೀನು ಮಗುಚಿದರೆ ದೋಣಿ ಮಗುಚಿದ ಹಾಗಂತೆ. ಮುಳ್ಳನ್ನು ಎತ್ತಿಟ್ಟು ಕೆಳಗಿನದನ್ನು ತಿನ್ನಬೇಕು. ಈ ಗಲಾಟೆಯಲ್ಲಿ ಗಾಜು ಅರ್ಧ ಸುತ್ತು ಹೋಯಿತು, ತಟ್ಟೆ ಬಂತು. ಅದರಲ್ಲಿ ಸಾಸ್ ಇತ್ತು.

ಈ ಚಕ್ರಕ್ಕಾಗಿ ಯಾರನ್ನು ಬೈಯಬೇಕು ಅಂತ ಮನೆಗೆ ಬಂದು ಹುಡುಕಿದೆ. ಅದನ್ನು ಚೀನಾದಲ್ಲಿ ಬಳಸಿ ಅಂತ ಸಾರಿದವರಲ್ಲಿ ಒಬ್ಬರು ಡಾಕ್ಟರ್ ವು ಲಿಯೆನ್-ತೆ. 1879ರಲ್ಲಿ ಇಲ್ಲೇ ಪಕ್ಕದ ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿದವರು, 1910-11ರಲ್ಲಿ ಮಂಚೂರಿಯಾದ ಪ್ಲೇಗ್ ತಡೆಯಲು ಹೋರಾಡಿದವರು. ಎಲ್ಲರೂ ತಮ್ಮ ಬಾಯಿಗಿಟ್ಟ ಚಾಪ್‌ಸ್ಟಿಕ್ಕನ್ನೇ ಒಂದೇ ಪಾತ್ರೆಗೆ ಹಾಕಿದರೆ ಕ್ಷಯ ಹರಡುತ್ತದೆ, ಅದಕ್ಕೇ ತಿರುಗುವ ಹಲಗೆ, ಬಡಿಸಲು ಬೇರೆ ಚಮಚ. ಇಂಥವರನ್ನು ಬೈಯಲು ನಾಲಿಗೆ ಬರುತ್ತದೆಯೇ?

ನಮ್ಮಜ್ಜಿಗೂ ಇದೇ ಎಂಜಲಿನ ಚಿಂತೆ. ಆದರೆ ನಮ್ಮೂರಿನ ಹಿರಿಯರು ಎಲೆಯನ್ನು ಒಂದು ಕಡೆ ಹಾಕಿ, ಬಡಿಸುವವರನ್ನು ಓಡಾಡಿಸಿದರು. ಒಂದು ಸಲ ಎಲೆ ಮುಂದೆ ಕೂತರೆ ಅದು ನನ್ನ ರಾಜ್ಯ, ಪಕ್ಕದವರ ಕೈ ಈ ಕಡೆ ಸುಳಿಯುವುದಿಲ್ಲ. ನಮ್ಮಪ್ಪ ನೆಂಟರ ಮದುವೆಗಳಲ್ಲಿ ಪಂಚೆ ಎತ್ತಿ ಕಟ್ಟಿ ಹೋಳಿಗೆಗೆ ತುಪ್ಪ ಬಡಿಸಲು ನಿಲ್ಲುತ್ತಿದ್ದರು. ಸಾಕು ಅಂತ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಬಿಡುತ್ತಿದ್ದರು. ಪಂಕ್ತಿ ಏಳುವವರೆಗೆ ತಾವು ಉಣ್ಣುತ್ತಿರಲಿಲ್ಲ. ಈಗ ಮಂಡಿ ನೋವು. ಕಳೆದ ಸಲ ಊರಿಗೆ ಹೋದಾಗ ಒಂದು ಮದುವೆಯಲ್ಲಿ ಬಫೆ ಇತ್ತು. ತಟ್ಟೆ ಹಿಡಿದು ಕ್ಯೂನಲ್ಲಿ ನಿಂತು ಅಪ್ಪ, “ಬಡಿಸೋರು ಯಾರೂ ಇಲ್ವೇನಮ್ಮ?” ಅಂತ ಕೇಳಿದರು. ಗಾಜು ತಿರುಗಿಸುವಾಗ ಅಂಕಲ್ ಮುಖದಲ್ಲಿ ಇದ್ದದ್ದು ಆ ತುಪ್ಪದ ಮಿಳ್ಳೆ ಹಿಡಿದ ಅಪ್ಪನ ಕಳೆಯೇ. ಅದಕ್ಕೇ ನಾನು ಕೊನೆಯವರೆಗೂ ತಟ್ಟೆ ಕಿತ್ತುಕೊಳ್ಳಲಿಲ್ಲ. ಹಸಿವು ಮಾತ್ರ ಹಸಿವೇ.

ಆಮೇಲೆ ಎಲ್ಲರೂ ಎದ್ದು ನಿಂತು ಗ್ಲಾಸು ಎತ್ತಿ ‘ಯಾಆಆಆಮ್ ಸೆಂಗ್’ ಅಂತ, ಅಂದರೆ ಅವರ ‘ಚಿಯರ್ಸ್’, ಉಸಿರು ಮುಗಿಯುವವರೆಗೆ ಕೂಗಿದರು. ಖಾಲಿ ಹೊಟ್ಟೆಯಲ್ಲಿ ಉಸಿರು ಜಾಸ್ತಿ ಹೊತ್ತು ನಿಲ್ಲುತ್ತದೆ, ನನ್ನದೇ ಎಲ್ಲರಿಗಿಂತ ಉದ್ದವಾಗಿತ್ತು. ಕೊನೆಗೆ ಕೆಂಪು ಕಾಳಿನ ಬಿಸಿ ಪಾಯಸ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು. ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಮುಗಿಯುವವರೆಗೆ ಕೆಳಗಿಡಲಿಲ್ಲ.

ಮಾರನೇ ದಿನ ಮದುಮಗಳ ಮೆಸೇಜ್ ಬಂತು. ಅಷ್ಟು ಗಡಿಬಿಡಿಯಲ್ಲೂ ನೆನಪಿಟ್ಟು ಕೇಳಿದ್ದಳು, ನಿಮ್ಮ ವೆಜಿಟೇರಿಯನ್ ಊಟ ಹೇಗಿತ್ತು ಅಂತ. ಏನು ಬರೆಯಲಿ ಅಂತ ಯೋಚಿಸುತ್ತಿರುವಾಗಲೇ ಇನ್ನೊಂದು ಮೆಸೇಜ್: ತುಂಬಾ ಚೆನ್ನಾಗಿತ್ತಂತೆ, ನಿಮ್ಮ ಟೇಬಲ್ಲಿನವರೆಲ್ಲ ಹೇಳಿದರು!